ಆನೆಮರಿ ಸಿನಿಮಾದ ಮೊದಲ ಇಪ್ಪತ್ತು ನಿಮಿಷ

ಮಕ್ಕಳ ಚಿತ್ರ ಆಯ್ಕೆ ಸಮಿತಿಯ ಘನ ಅಧ್ಯಕ್ಷರೇ,

ಕಳೆದ ತಿಂಗಳು ಶಿವಮೊಗ್ಗದಲ್ಲಿ ಪುಟ್ಟ ಮಕ್ಕಳಿಗೆಂದು ತಾವು ನಡೆಸಿದ ಚಿತ್ರ ಸಪ್ತಾಹದ ಮೊದಲ ಸಿನಿಮಾವನ್ನು ತಾವೂ ಪೂರ್ತಿ ನೋಡಿಲ್ಲ, ತಮ್ಮ ಸಮಿತಿಯ ಉಳಿದ ನಾಲ್ವರೂ ನೋಡಿಲ್ಲ. ಪೂರ್ತಿ ನೋಡದ ಸಿನಿಮಾಕ್ಕೆ ‘ಐದು ವರ್ಷ ಮೇಲ್ಪಟ್ಟ ಮಕ್ಕಳಿಗೆ ಯೋಗ್ಯ, ಮೌಲ್ಯಯುತ’ ಎಂದು ಬರೆದು ಐವರೂ ಸಹಿ ಹಾಕಿದ್ದೀರಿ. ಅದರ ಫಲವಾಗಿ ನನ್ನ ಐದು ವರ್ಷದ ಮೊಮ್ಮಗಳು ಇಂಪನಾ, ಯಾರಾದರೂ ಆನೆ ಎಂದರೆ ಸಾಕು, ಅಡುಗೆಮನೆಗೆ ಓಡಿ ತನ್ನ ಅಮ್ಮನ ವೇಲು ಹಿಡಿದುಕೊಂಡು ನಿಲ್ಲುತ್ತಾಳೆ. ನನ್ನ ದೂರು ಇಷ್ಟೇ.

ಇದನ್ನೆಲ್ಲ ಹೇಳಲು ನೀನ್ಯಾರು ಎಂದು ತಾವು ಕೇಳಬಹುದು. ಭದ್ರಾವತಿಯ ಒಂದು ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು. ಕಾರ್ಖಾನೆ ಕಾರ್ಮಿಕರ ಮಕ್ಕಳಿಗಾಗಿ ನಮ್ಮಲ್ಲಿ ಭಾನುವಾರ ಬೆಳಗ್ಗೆ ಒಂದು ಆಟ ಇರುತ್ತಿತ್ತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಬಲ್ಲ ಮಕ್ಕಳು, ಆರು ಜನ ಕೂರುವ ಬೆಂಚಿಗೆ ಹತ್ತು ಜನ. ಶನಿವಾರ ಬೆಳಗ್ಗೆ ಖಾಲಿ ಟಾಕೀಸಿನಲ್ಲಿ ಆ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬನೇ ಓಡಿಸಿ ನೋಡುತ್ತಿದ್ದೆ. ಚಾಕು, ನೇಣು, ಹೆಂಗಸಿನ ಮೇಲೆ ಕೈ ಮಾಡುವುದು ಎಲ್ಲೆಲ್ಲಿ ಬರುತ್ತದೋ ಆ ರೀಲಿನ ನಂಬರನ್ನು ಕ್ಯಾಬಿನ್ನಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದೆ. ಭಾನುವಾರ ಆ ಜಾಗ ಬಂದಾಗ ಎಡಗೈಯಿಂದ ಸೌಂಡು ಇಳಿಸಿ ಬಲ ಅಂಗೈಯನ್ನು ಲೆನ್ಸಿನ ಮುಂದೆ ಅಡ್ಡ ಹಿಡಿಯುತ್ತಿದ್ದೆ. ತೆರೆ ಕಪ್ಪಾಗುತ್ತಿತ್ತು, ಮಕ್ಕಳು ಶಿಳ್ಳೆ ಹೊಡೆಯುತ್ತಿದ್ದರು.

ಟಾಕೀಸಿನ ಮಾಲೀಕರಾಗಿದ್ದ ಷಡಕ್ಷರಪ್ಪನವರು ಒಮ್ಮೆ ಕ್ಯಾಬಿನ್ನಿಗೆ ಹತ್ತಿ ಬಂದು, “ಧರ್ಮಪ್ಪ, ಕೈ ಅಡ್ಡ ಇಟ್ರೆ ಹುಡುಗ್ರು ಬೆಂಚು ಮುರೀತಾವೆ ಮಾರಾಯ” ಅಂದರು.

“ಮುರೀಲಿ ಬಿಡಿ ಸಾರ್. ಬೆಂಚಾದ್ರೆ ಆಚಾರಿ ಹತ್ರ ರಿಪೇರಿ ಮಾಡಿಸ್ಬಹುದು” ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಈ ಕೆಲಸಕ್ಕೆ ನನಗೆ ಯಾವ ಸರ್ಕಾರಿ ಆದೇಶವೂ ಇರಲಿಲ್ಲ, ಮತ್ತು ನಾನು ಎಸ್ಸೆಸ್ಸೆಲ್ಸಿ ಫೇಲು.

ಇನ್ನು ತಮ್ಮ ಸಪ್ತಾಹಕ್ಕೆ ಬರೋಣ. ಮಕ್ಕಳ ಜೊತೆ ಮನೆಯ ಹಿರಿಯರೂ ಕೆಲವರು ಬರಲಿ ಎಂದು ಶಾಲೆಯವರು ಕೇಳಿದ್ದರಿಂದ ಹೊಸಮನೆ ಬಡಾವಣೆಯಲ್ಲಿರುವ ನನ್ನ ಮಗಳ ಮನೆಯಿಂದ ನಾನೂ ಬಸ್ಸು ಹತ್ತಿದೆ. ತಾವು ದೀಪ ಬೆಳಗಿಸಿದಿರಿ, ಶಾಲು ಹೊದಿಸಿಕೊಂಡಿರಿ, ಮಕ್ಕಳೇ ದೇಶದ ಭವಿಷ್ಯ ಎಂಬುದನ್ನು ಆ ಭವಿಷ್ಯಕ್ಕೆ ಒಂದಕ್ಷರವೂ ಅರ್ಥವಾಗದ ಕನ್ನಡದಲ್ಲಿ ನಲವತ್ತು ನಿಮಿಷ ವಿವರಿಸಿದಿರಿ. ಸಿನಿಮಾ ಶುರುವಾಗುವ ಮೊದಲೇ ಕಾರು ಹತ್ತಿದಿರಿ. ಮುನ್ನೂರು ಮಕ್ಕಳನ್ನು ಕತ್ತಲೆಯಲ್ಲಿ ಕೂರಿಸಿ ಹೋಗುವಷ್ಟು ಧೈರ್ಯ ತಮಗೆ ಎಲ್ಲಿಂದ ಬಂತೋ ತಿಳಿಯದು.

ಪೋಸ್ಟರಿನಲ್ಲಿ ಆನೆಮರಿಯ ಸೊಂಡಿಲ ಮೇಲೆ ಚಿಟ್ಟೆ ಕೂತಿತ್ತು. ಮೊದಲ ಇಪ್ಪತ್ತು ನಿಮಿಷ ಮರಿ ಕೆಸರಿನಲ್ಲಿ ಜಾರುತ್ತದೆ, ಬಾಳೆಗೊನೆ ಕದಿಯುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ. ಆಮೇಲೆ ಹೊಲಕ್ಕೆ ನುಗ್ಗಿದ ತಾಯಾನೆಗೆ ಗುಂಡು ಹೊಡೆಯುತ್ತಾರೆ. ಅದು ಒಂದೇ ಏಟಿಗೆ ಬೀಳುವುದಿಲ್ಲ. ಬಿದ್ದ ಮೇಲೆ ಮರಿ ಅದರ ಕಿವಿ ಎಳೆಯುತ್ತ, ಎಬ್ಬಿಸುತ್ತ, ಕೂಗುತ್ತ ಸುತ್ತುತ್ತದೆ. ನಾವಿಬ್ಬರು ಎದ್ದು ಬರುವವರೆಗೆ ಹನ್ನೊಂದು ನಿಮಿಷ. ರೀಲು ಓಡಿಸಿದವನಿಗೆ ಗಡಿಯಾರ ನೋಡುವ ಚಾಳಿ, ನೋಡಿದೆ. ನಾನು ಎದ್ದು ಹೋಗಿ ಲ್ಯಾಪ್‌ಟಾಪಿನ ಮುಂದಿದ್ದವರಿಗೆ ನಿಲ್ಲಿಸಿ ಎಂದೆ. “ಆರ್ಡರ್ ಇಲ್ದೆ ನಿಲ್ಸಕ್ಕಾಗಲ್ಲ ಯಜಮಾನ್ರೇ” ಎಂದರು. ಪ್ರೊಜೆಕ್ಟರನ್ನು ಸೂರಿಗೆ ಬಿಗಿದಿದ್ದರು, ಲೆನ್ಸು ಅಲ್ಲಿತ್ತು, ನನ್ನ ಕೈಗೆ ಎಟುಕಲಿಲ್ಲ. ವಾಪಸು ಬಂದು ಇಂಪನಾಳ ಕಣ್ಣಿಗೆ ಅಂಗೈ ಮುಚ್ಚಿದೆ. ಕಣ್ಣು ಮುಚ್ಚಿದರೇನು, ಆ ಮರಿಯ ಕೂಗು ಕೇಳುತ್ತಲೇ ಇತ್ತು. ಅಂಗೈ ಒದ್ದೆಯಾಯಿತು.

ಮರುದಿನ ತಮಗೆ ಫೋನು ಮಾಡಿದೆ. ತಾವು ಬಹಳ ಸಾವಧಾನದಿಂದ, “ಸಿನಿಮಾದಲ್ಲಿ ಕಾಡು ಉಳಿಸಿ ಅನ್ನೋ ಮೆಸೇಜ್ ಇದೆ ಯಜಮಾನ್ರೇ. ಮಕ್ಳು ಸ್ವಲ್ಪ ಸ್ಟ್ರಾಂಗ್ ಆಗ್ಬೇಕು” ಎಂದಿರಿ. ಒಪ್ಪಿದೆ. ಆದರೆ ಇಂಪನಾ ಇದುವರೆಗೆ ಎಷ್ಟು ಎಕರೆ ಕಾಡು ಕಡಿದಿದ್ದಾಳೆ? ಯಾರ ಹೊಲದಲ್ಲಿ ಬಂದೂಕು ಹಿಡಿದು ಕಾದಿದ್ದಾಳೆ? ಮೆಸೇಜು ಮುಟ್ಟಬೇಕಾದವರು ಮೀಸೆ ಬಂದವರು. ಅವರಿಗೆ ಹೇಳಲು ಧೈರ್ಯವಿಲ್ಲದೆ ಹಾಲುಹಲ್ಲು ಬೀಳದವರ ಎದೆಯ ಮೇಲೆ ಹೇರುವುದಕ್ಕೆ ಮೌಲ್ಯ ಶಿಕ್ಷಣ ಎಂದು ಹೆಸರಿಟ್ಟಿದ್ದೀರಿ.

ಸಿನಿಮಾ ಹೇಗೆ ಆಯ್ಕೆಯಾಯಿತು ಎಂಬುದು ನನಗೆ ಆಮೇಲೆ ತಿಳಿಯಿತು. ಹೇಳಿದವರು ತಮ್ಮ ಕಚೇರಿಯವರೇ. ಹೆಸರು ಬರೆಯುವುದಿಲ್ಲ, ಹುಡುಕುವ ಶ್ರಮ ಬೇಡ. “ಇಪ್ಪತ್ತು ನಿಮಿಷ ನೋಡಿದ್ರು ಯಜಮಾನ್ರೇ, ಅಷ್ಟರಲ್ಲಿ ಊಟ ಬಂತು. ಹೋಳಿಗೆ ಬಿಸಿ ಇತ್ತು. ಊಟ ಆದ್ಮೇಲೆ ಸಾಹೇಬ್ರು, ಮುಂದೆ ಇನ್ನೇನಿರುತ್ತೆ, ಮರಿ ಆಟ ಆಡ್ತಿರುತ್ತೆ ಅಷ್ಟೆ ಅಂದ್ರು. ಎಲ್ರೂ ಸೈನ್ ಮಾಡಿದ್ರು.” ಹೋಳಿಗೆ ಆರಬಾರದು ನಿಜ. ಅದನ್ನಾದರೂ ಐವರೂ ಕೊನೆಯವರೆಗೆ ಗಮನವಿಟ್ಟು ಮುಗಿಸಿದಿರಿ ಎಂದು ಕೇಳಿ ಸಂತೋಷವಾಯಿತು.

ಮಕ್ಕಳನ್ನು ಅಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಟಾಕೀಸಿನಲ್ಲಿ ಮಕ್ಕಳು ಎಷ್ಟೋ ಸಲ ಅತ್ತಿದ್ದಾರೆ. ಆದರೆ ಅತ್ತ ಮಗುವಿನ ಕಣ್ಣೊರೆಸುವವರು ತೆರೆಯ ಮೇಲೆ ಒಬ್ಬರಾದರೂ ಇರಬೇಕು, ಒಬ್ಬ ಅತ್ತೆ, ಒಬ್ಬ ಮಾಸ್ತರು, ಕೊನೆಗೆ ಒಂದು ನಾಯಿ. ಅವರು ಬರುತ್ತಾರೋ ಇಲ್ಲವೋ ಎಂಬುದು ಕೊನೆಯ ರೀಲಿನಲ್ಲಿ ಮಾತ್ರ ಗೊತ್ತಾಗುತ್ತದೆ. ಇಂಪನಾಳಿಗೆ ಇಷ್ಟವಾದದ್ದು ಮಾತೇ ಇಲ್ಲದ ಏಳು ನಿಮಿಷದ ಒಂದು ಚಿತ್ರ. ಇರುವೆಯೊಂದು ಸಕ್ಕರೆ ಹರಳನ್ನು ಗೋಡೆ ಹತ್ತಿಸುತ್ತದೆ. ನಾನು ಅದನ್ನು ಫೋನಿನಲ್ಲಿ ಮೊದಲು ಎರಡು ಸಲ ನೋಡಿದೆ, ಆಮೇಲೆ ಅವಳಿಗೆ ತೋರಿಸಿದೆ. ಈಗ ಅವಳು ಅಡುಗೆಮನೆಯ ಇರುವೆಗಳಿಗೆ ದಾರಿ ಬಿಟ್ಟು ನಡೆಯುತ್ತಾಳೆ. ಅದರಲ್ಲಿ ಯಾರೂ ಮೆಸೇಜು ಇಟ್ಟಿರಲಿಲ್ಲ.

ಒಂದು ವರ್ಷದಿಂದ ಪ್ರತಿ ಭಾನುವಾರ ಗಾಜನೂರು ದಾಟಿ ಆನೆ ಬಿಡಾರಕ್ಕೆ ಹೋಗುವುದು ನಮ್ಮಿಬ್ಬರ ಪದ್ಧತಿಯಾಗಿತ್ತು. ಆನೆಗಳು ಹೊಳೆಗಿಳಿದು ಮೀಯುವುದನ್ನು ಅವಳು ತಿಂಡಿ ಮರೆತು ನೋಡುತ್ತಿದ್ದಳು. ಸಪ್ತಾಹ ಮುಗಿದ ಮೇಲೆ ಒಂದು ಭಾನುವಾರ ಪುಸಲಾಯಿಸಿ ಕರೆದುಕೊಂಡು ಹೋದೆ. ನೀರಿನಲ್ಲಿ ಒಂದು ತಾಯಿ, ಪಕ್ಕದಲ್ಲಿ ಮರಿ. ಇಂಪನಾ ನನ್ನ ಅಂಗಿಯ ತುದಿ ಹಿಡಿದು ಕೇಳಿದಳು: “ತಾತ, ಇದ್ರ ಅಮ್ಮಂಗೆ ಯಾವಾಗ ಹೊಡೀತಾರೆ?” ಹೊಡೆಯುತ್ತಾರೋ ಇಲ್ಲವೋ ಎಂದು ಕೇಳಲಿಲ್ಲ. ಯಾವಾಗ ಎಂದಳು. ಅಲ್ಲಿಂದ ನೇರ ಬಸ್ ಸ್ಟಾಪಿಗೆ ಬಂದೆವು. ಆಮೇಲೆ ಹೋಗಿಲ್ಲ.

ಒಂದು ಮಾತು ಮುಚ್ಚಿಟ್ಟಿದ್ದೆ. ಸಿನಿಮಾಕ್ಕೆ ಕಳಿಸಲು ಮನೆಯವರ ಒಪ್ಪಿಗೆ ಬೇಕೆಂದು ಶಾಲೆಯಿಂದ ಒಂದು ಚೀಟಿ ಬಂದಿತ್ತು. ಮಗಳು ತನುಜಾ ಕೆಲಸಕ್ಕೆ ಹೊರಟಿದ್ದಳು. “ಅಪ್ಪಾಜಿ, ಯಾವ ಸಿನಿಮಾ ಅಂತ ಒಂಚೂರು ನೋಡಿ” ಎಂದಳು. ನಾನು ತಮ್ಮ ಸಮಿತಿಯ ನೇರಳೆ ಮೊಹರು ನೋಡಿದೆ. ಐದು ಜನ ಓದಿದವರು ನೋಡಿದ ಮೇಲೆ ನಾನೇನು ನೋಡುವುದು ಎಂದುಕೊಂಡು ಸಹಿ ಹಾಕಿದೆ. ಮೂವತ್ತೊಂದು ವರ್ಷ ಊರ ಮಕ್ಕಳಿಗೆ ಹಿಡಿದ ಅಂಗೈಯನ್ನು ಸ್ವಂತ ಮೊಮ್ಮಗಳಿಗೆ ಹಿಡಿಯಲಿಲ್ಲ. ತಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಪಾಲಿನದು, ಅದನ್ನು ನಾನು ಇಟ್ಟುಕೊಳ್ಳುತ್ತೇನೆ.

ಉಳಿದರ್ಧಕ್ಕೆ ತಾವು ಬರಬೇಕು. ತನಿಖೆ ಬೇಡ, ವಿಷಾದ ಪತ್ರವೂ ಬೇಡ, ಇಂಪನಾಳಿಗೆ ಇನ್ನೂ ಓದಲು ಬರುವುದಿಲ್ಲ. ಐವರೂ ಒಂದು ದಿನ ಊಟಕ್ಕೆ ಏಳದೆ ಆ ಸಿನಿಮಾವನ್ನು ಕೊನೆಯವರೆಗೆ ನೋಡಿ. ಮರಿಯ ಹತ್ತಿರ ಯಾರಾದರೂ ಬಂದರೇ ಎಂದು ತಿಳಿದುಕೊಳ್ಳಿ. ನಮಗೆ ಗೊತ್ತಿಲ್ಲ, ನಾನು ಅವಳನ್ನು ಎತ್ತಿಕೊಂಡು ಹೊರಗೆ ಬಂದಿದ್ದೆ. ಆಮೇಲೆ ಬರುವ ಭಾನುವಾರ ಆನೆಗಳು ಮೀಯುವ ಹೊತ್ತಿಗೆ ಹೊಳೆದಂಡೆಗೆ ಬನ್ನಿ. ಶಾಲು ಬೇಡ, ಭಾಷಣ ಬೇಡ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ‘ಯಾವಾಗ’ ಎಂಬ ಆ ಪ್ರಶ್ನೆಗೆ ಉತ್ತರ ಹೇಳಿ. ನಾನು ಹೇಳಿ ನೋಡಿದೆ, ಅವಳು ನಂಬುತ್ತಿಲ್ಲ.

ಇಂತಿ,
ನೋಡದೆ ಸಹಿ ಹಾಕಿದ ಆರನೆಯವನು,
ಧರ್ಮಪ್ಪ
ಮಾಜಿ ಪ್ರೊಜೆಕ್ಟರ್ ಆಪರೇಟರ್, ಭದ್ರಾವತಿ