ತಂತಿಯ ಇನ್ನೊಂದು ತುದಿ

ಸೌಭಾಗ್ಯವತಿ ರಾಯವ್ವ ಇವರ ಸನ್ನಿಧಿಗೆ,
ಮುಕ್ಕಾಂ: ಮಗಳು ಸುಮನಳ ಮನೆ, ಸಂಕೇಶ್ವರ.

ವಿಷಯ: ತಂತಿ ಹಿಡಿಯುವವರು ಇಲ್ಲದಿರುವ ಬಗ್ಗೆ.

ಮಾನ್ಯರೇ,

ಘೋಡಗೇರಿಯ ಉದ್ದಪ್ಪನಾದ ನಾನು, ಅಂದರೆ ತಮ್ಮ ಪತಿ, ಅರಿಕೆ ಮಾಡಿಕೊಳ್ಳುವುದೇನೆಂದರೆ: ಮೊಮ್ಮಗಳ ಆರೈಕೆಗೆಂದು ಹೋದ ತಾವು ಮೊನ್ನೆ ಮೊಬೈಲಿನಲ್ಲಿ, “ಕೂಸು ನನ್ನ ಬಿಟ್ಟಿರಂಗಿಲ್ಲ. ಅಲ್ಲಿ ನನಗ ಕೆಲಸರ ಏನೈತ್ರಿ?” ಎಂದು ಕೇಳಿದಿರಿ. ಅದಕ್ಕೆ ಉತ್ತರವನ್ನು ಈಗ ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ಜೋಳ ತೆನೆ ಕಟ್ಟಿದೆ. ಹಕ್ಕಿ ಓಡಿಸಲು ಮನೆಯಂಗಳದಿಂದ ಹೊಲದ ಕಾವಲು ಅಟ್ಟದವರೆಗೆ ಡಬ್ಬಿ ಕಟ್ಟಿದ ತಂತಿಯನ್ನು ಈ ಸಲವೂ ಎಳೆದಿದ್ದೇನೆ. ಪ್ರತಿ ಸಲ ತಾವು ಹಿಡಿಯುತ್ತಿದ್ದ ತುದಿಯನ್ನು ಅಂಗಳದ ಬೇವಿನ ಮರಕ್ಕೆ ಬಿಗಿದಿದ್ದೇನೆ. ನಾನು ಅಟ್ಟದಿಂದ ಜಗ್ಗಿದರೆ ಆ ಎಳೆತ ಅಲೆಯಾಗಿ, ಡಬ್ಬಿಗಳನ್ನು ಒಂದೊಂದಾಗಿ ನುಡಿಸುತ್ತ ಮರದವರೆಗೆ ಹೋಗಿ, ಅಲ್ಲಿ ತಾಗಿ, ನನ್ನ ಕೈಗೇ ಮರಳಿ ಬರುತ್ತದೆ. ತಾವು ಹಿಡಿದಿದ್ದಾಗ ಅದು ಎಂದೂ ಮರಳುತ್ತಿರಲಿಲ್ಲ; ತಮ್ಮ ಕೈಯಲ್ಲೇ ಇಂಗುತ್ತಿತ್ತು. ಹೊತ್ತು ಇಳಿದ ಮೇಲೆ ತಮ್ಮ ಕಡೆಯಿಂದ ಬೇರೆಯೇ ಒಂದು ಎಳೆತ ಬರುತ್ತಿತ್ತು, ಚಹಾ ಆಗಿದೆ ಎಂದು.

ಹಕ್ಕಿಗಳು ಈಗಲೂ ಓಡುತ್ತಿವೆ. ಆ ಬಗ್ಗೆ ತಕರಾರಿಲ್ಲ. ಆದರೂ ಮರದ ಗಂಟು ಬಿಚ್ಚಿ ಆ ತುದಿಯನ್ನು ತಾವೇ ವಹಿಸಿಕೊಳ್ಳಬೇಕಾಗಿ ವಿನಂತಿ. ಸುಮನಳನ್ನೂ ಕೂಸನ್ನೂ ಜೊತೆಗೆ ಕರೆತರಬಹುದು. ಹತ್ತರಗಿಯ ಬಸ್ ನಿಲ್ದಾಣದವರೆಗೆ ನಾನೇ ಎದುರು ಬರುತ್ತೇನೆ.

ನಿನ್ನೆ ಸಂಜೆ ತಂತಿ ಕೈಯಲ್ಲಿ ಮರಳಿ ಅಲುಗಿದಾಗ, ಎಲ್ಲ ತಿಳಿದೂ ನಾನು ಅಟ್ಟದಿಂದ ಇಳಿದು ಚಹಾಕ್ಕೆಂದು ಮನೆಯವರೆಗೆ ನಡೆದು ಹೋದೆನೆಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಉದ್ದಪ್ಪ
ಹೊಲದ ಅಟ್ಟ, ಘೋಡಗೇರಿ