ಹೆಸರಿಲ್ಲದ ಡಬ್ಬಿಯ ಕೂಗುವಾರ

ಹೊಸ ಎಣಿಕೆಯ ೨೧೪ನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತಮೂರನೇ ದಿನ
ಕಲ್ಲುಗಣಿಯ ಸರ್ವರ್ ಮನೆ, ಭೀಮಾ ತೀರ

ಸರ್ವರ್‌ಗಳಲ್ಲಿ ಕಂಟೇನರ್ ಕಟ್ಟಿಟ್ಟು ಹೋದ ಹಿರಿಯರಿಗೆ ಚಂದಮ್ಮ ಮಾಡುವ ನಮಸ್ಕಾರ. ನನ್ನ ಮಾತು ವಿಚಿತ್ರ ಅನ್ನಿಸಿದರೆ ತಪ್ಪು ತಿಳಿಯಬೇಡಿ. ಬಿಸಿಲಿಗೆ ಶಾಲೆ ಮುಚ್ಚಿದಾಗ ನಾನು ನಾಲ್ಕನೇ ಇಯತ್ತೆ; ಆಮೇಲಿನದೆಲ್ಲ ಪರದೆ ನೋಡಿ ಕಲಿತದ್ದು.

ನಿಮ್ಮ ಕಂಟೇನರನ್ನು ನಾವು ಡಬ್ಬಿ ಎನ್ನುತ್ತೇವೆ. ಕಂಪ್ಯೂಟರಿನ ಒಂದು ಕೆಲಸ, ಅದಕ್ಕೆ ಬೇಕಾದ ಸಾಮಾನು, ಎಲ್ಲ ಒಂದರಲ್ಲೇ ಮುಚ್ಚಿಟ್ಟಿರುತ್ತದಲ್ಲ, ಅದಕ್ಕೆ. ನಿಮ್ಮ ಕಾಲದ ಎಷ್ಟೋ ಡಬ್ಬಿಗಳು ನಕಲಾಗುತ್ತ ಇಲ್ಲಿಯತನಕ ಬಂದಿವೆ. ಬಳಕೆಯಲ್ಲಿಲ್ಲದವನ್ನು ತೆಗೆದು ಜಾಗ ಮಾಡುವುದು ನನ್ನ ಕೆಲಸ. ಯಾವುದು ಬೇಡವೆಂದು ತಿಳಿಯುವುದು ಹೇಗೆ? ಡಬ್ಬಿಯನ್ನು ನಿಲ್ಲಿಸಿ ಏಳು ದಿನ ಕಾಯುತ್ತೇವೆ. ಯಾರೂ ಕೂಗಾಡದಿದ್ದರೆ ಅಳಿಸುತ್ತೇವೆ. ಇದಕ್ಕೆ ಕೂಗುವಾರ ಎಂದು ಹೆಸರು.

ಹೋದ ತಿಂಗಳು ‘ಟೆಸ್ಟ್-೨’ ಎಂಬ ಡಬ್ಬಿ ನಿಲ್ಲಿಸಿದೆ. ಯಾರೋ ಪರೀಕ್ಷೆಗೆ ಮಾಡಿ ಮರೆತದ್ದು ಎಂದುಕೊಂಡೆ. ಏಳು ದಿನ ಒಂದು ದೂರೂ ಬರಲಿಲ್ಲ. ಅಷ್ಟು ಶಾಂತವಾದ ವಾರವನ್ನು ನಾನು ಕಂಡೇ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಅಳಿಸಿದೆ. ಮರುದಿನ ಕೆಳಗಿನ ಓಣಿಯ ಹುಸೇನಬಿ ಚಾಚಿ ಒಂದು ಹರದಾರಿ ನಡೆದು ಬಂದು ಬಾಗಿಲಲ್ಲಿ ನಿಂತಳು. ಅವರ ತಂಪುಮನೆಯ, ಎಂದರೆ ಹಗಲೆಲ್ಲ ಓಣಿಯ ಮಂದಿ ಕೂಡಿ ಕೂರುವ ನೆಲದಡಿಯ ಕೋಣೆಯ, ಫ್ಯಾನು ಕೆಟ್ಟು ವಾರವಾಗಿತ್ತು. ಬಾಣಂತಿ ಸೊಸೆ ಕೂಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ದಿನ ದೂಡಿದ್ದಳು.

“ಏಳ್ ದಿನದಿಂದ ಹೇಳಕೋತೇ ಇದ್ದೀವಲ್ಲವ್ವ. ಕಿವುಡ ಆಗಿದ್ದು ನಿನ್ನ ಮಷೀನೋ, ನೀನೋ?” ಎಂದಳು.

ನಾನು ಅಳಿಸಿದ್ದು ದೂರುಗಳನ್ನು ನನಗೆ ತಲುಪಿಸುವ ಡಬ್ಬಿಯನ್ನೇ. ಕೂಸು ಉಳಿಯಿತು, ದೊಡ್ಡ ಪುಣ್ಯ. ನನಗೆ ಮಾತ್ರ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಈಗ ಇನ್ನೊಂದನ್ನು ನಿಲ್ಲಿಸಿದ್ದೇನೆ. ಹೆಸರಿನ ಜಾಗದಲ್ಲಿ ಬರೀ ‘ಎ-೭’ ಎಂದಿದೆ. ಇವತ್ತಿಗೆ ಆರು ದಿನ. ನಾಳೆ ಅಳಿಸದಿದ್ದರೆ ಹೊಸದಾಗಿ ಬಂದ ನಲವತ್ತು ಮನೆಯವರ ತಂಪುಮನೆ ನಡೆಸಲು ಸರ್ವರಿನಲ್ಲಿ ಜಾಗವಿಲ್ಲ. ಅಳಿಸಿದರೆ ಯಾರಿಗೆ ಏನು ತಪ್ಪಿಹೋಗುತ್ತದೋ ಗೊತ್ತಿಲ್ಲ. ಸುಮ್ಮನೆ ಕಾಯುವುದನ್ನು ಬಿಟ್ಟು, ‘ನಿಮ್ಮ ಮನೆಯಲ್ಲಿ ಏನಾದರೂ ನಿಂತಿದೆಯೇ’ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಮಂದಿ ನಗುತ್ತಾರೆ. ನಗಲಿ. ನಾಲ್ಕು ಓಣಿ ಮುಗಿದಿವೆ, ಇನ್ನೆರಡು ಇವೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಡಬ್ಬಿ ಮುಚ್ಚುವಾಗ ಮೇಲೆ ಒಂದು ಸಾಲು ಬರೆಯಿರಿ: ಇದು ಯಾರಿಗಾಗಿ, ನಿಂತರೆ ಅವರಿಗೆ ಏನಾಗುತ್ತದೆ. ನೆನಪಿರುತ್ತದೆ ಅಂದುಕೊಂಡು ಬಿಡಬೇಡಿ. ‘ಎ-೭’ ಕಟ್ಟಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಬರೆಯಿರಿ. ನೀವು ಇವತ್ತು ಬರೆದದ್ದು ಡಬ್ಬಿಯ ಜೊತೆಗೇ ನಕಲಾಗುತ್ತ ಬಂದು ನಾಳೆ ನನ್ನ ಪರದೆಯ ಮೇಲೆ ಕಾಣಬೇಕು. ನಾನು ನೋಡುತ್ತಿರುತ್ತೇನೆ.