ತಟ್ಟದೆ ಬಿಟ್ಟ ಬಾಗಿಲು

ಹ್ಯಾಲಿಫ್ಯಾಕ್ಸ್, ಮಂಗಳವಾರ

ಪ್ರಿಯ ರೋಜಿನ್,

ಇಂಗ್ಲಿಷ್ ಪರೀಕ್ಷೆಯಲ್ಲಿ ನೀನು ಪಾಸಾಗಿದ್ದೀಯ. ಮಾತಿನ ಭಾಗದಲ್ಲಿ ಪೂರ್ತಿ ಅಂಕ. ಪ್ರಮಾಣಪತ್ರ ಇದರ ಜೊತೆಗಿದೆ, ಮಡಚಬೇಡ. ವೀಸಾದವರು ಮೂಲಪ್ರತಿಯನ್ನೇ ಕೇಳುತ್ತಾರೆ.

ಆ ಗುರುವಾರ ತರಗತಿಯಲ್ಲಿ ನೀನು, "ಟೀಚರ್, ನಮ್ಮ ಪಕ್ಕದ ಮನೇಲಿ ನಿಮ್ಮ ತಂದೆ ಬೆಳಿಗ್ಗೆಯಿಂದ ಹಾಲಿನ ಬಾಟಲಿ ಒಳಗೆ ತಗೊಂಡಿಲ್ಲ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ತಟ್ಟಬೇಕಿತ್ತಾ?" ಅಂದೆ.

"ಕರೀದೆ ಯಾರ ಬಾಗಿಲಿಗೂ ಹೋಗಬಾರದು ಕಣಮ್ಮ, ಇಲ್ಲಿಯವರಿಗೆ ಮುಜುಗರ ಆಗುತ್ತೆ. ಪರೀಕ್ಷೇಲೂ ಇದನ್ನ ಕೇಳ್ತಾರೆ, ನೆನಪಿಟ್ಕೊ" ಅಂದೆ ನಾನು. ಎಲ್ಲರ ಕೈಯಲ್ಲೂ ಅದನ್ನು ಬರೆಸಿದೆ.

ಮರುದಿನ ನಾನು ಹೋಗುವವರೆಗೆ ಅಪ್ಪ ಸೊಂಟದ ಮೂಳೆ ಮುರಿದುಕೊಂಡು ಅಡುಗೆಮನೆಯ ನೆಲದ ಮೇಲೆ ಬಿದ್ದೇ ಇದ್ದರು.

ಮೊನ್ನೆ ಆಸ್ಪತ್ರೆಯಲ್ಲಿ ಅಪ್ಪ ಹೇಳಿದರು: "ಆ ಹುಡುಗಿ ಬಾಗಿಲ ಹತ್ರ ಬಂದಿದ್ದು ಕೇಳಿಸ್ತು. ಕೂಗೋಣ ಅನ್ನಿಸ್ತು. ಪಾಪ, ಅವಳಿಗ್ಯಾಕೆ ತೊಂದರೆ ಅಂತ ಸುಮ್ಮನಾದೆ."

ನನಗೆ ಈ ಪಾಠ ಕಲಿಸಿದವರು ಅವರೇ.

ಶನಿವಾರ ಅವರನ್ನು ಮನೆಗೆ ಕಳಿಸುತ್ತಾರೆ. ಲಕೋಟೆಯಲ್ಲಿ ಅವರ ಮನೆಯ ಬೀಗದ ಕೈ ಇದೆ. ದಿನಕ್ಕೊಮ್ಮೆ ಹೋಗಿ ನೋಡುತ್ತೀಯಾ? ಬೇಡ ಅನ್ನುತ್ತಾರೆ. ಕೇಳಿಸಿಕೊಳ್ಳಬೇಡ.

ನಿನ್ನ ಟೀಚರ್,
ಹಿಲರಿ ಥ್ವೈಟ್